ಪೆಟ್ಟಿಗೆಯೊಳಗಿನ ತಂತಿ

ಶ್ರುತಿ ಹಿಡಿಯುವವರ ಹೆಸರನ್ನು ಕಛೇರಿಯ ಕರಪತ್ರದಲ್ಲಿ ಅಚ್ಚುಮಾಡುವ ರೂಢಿ ನಮ್ಮಲ್ಲಿ ಕಡಿಮೆ. ಹಾಡುವವರ ಬೆನ್ನ ಹಿಂದೆ ಕುಳಿತು, ಎರಡು ಮೂರು ತಾಸುಗಳ ಕಾಲ ನಾಲ್ಕೇ ತಂತಿಗಳನ್ನು ಒಂದೇ ಕ್ರಮದಲ್ಲಿ ಮೀಟುತ್ತಿರುವುದು ಅವರ ಕೆಲಸ. ಸಭೆ ಅವರನ್ನು ನೋಡುವುದಿಲ್ಲ. ಆದರೆ ಅವರ ಕೈ ಒಂದು ಕ್ಷಣ ನಿಂತರೆ ಸಭೆಗೆಲ್ಲ ತಿಳಿಯುತ್ತದೆ. ಹಳ್ಳಿಯ ಭಜನೆಯ ಮೇಳದಲ್ಲಿ ಈ ಹೊಣೆ ಏಕತಾರಿಯದು. ಅಲ್ಲಿ ತಂತಿ ಒಂದೇ, ಕೆಲಸ ಎರಡು. ಏಕತಾರಿ ಶ್ರುತಿಯನ್ನೂ ಕೊಡಬೇಕು, ಲಯವನ್ನೂ ಹಿಡಿಯಬೇಕು. ಹಾಡು ಏರುತ್ತ ಹೋದಂತೆ ಮೀಟೂ ಬಿರುಸಾಗುತ್ತದೆ. ಈ ಕೆಲಸದಲ್ಲಿ ಎಷ್ಟು ಭಾಗವನ್ನು ಯಂತ್ರಕ್ಕೆ ಒಪ್ಪಿಸಬಹುದು, ಎಷ್ಟನ್ನು ಒಪ್ಪಿಸಬಾರದು ಎಂಬ ಪ್ರಶ್ನೆಯನ್ನು ಕುರಿತು ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ. ನನ್ನ ಊರು ಹರಪನಹಳ್ಳಿ ತಾಲ್ಲೂಕಿನ ಹಲವಾಗಲು, ತುಂಗಭದ್ರೆಗೆ ಸಮೀಪದ್ದು. ಅಲ್ಲಿಯ ಭಜನೆಯಲ್ಲಿ ಬಹುಕಾಲ ಏಕತಾರಿ ಹಿಡಿದ ಹಿರಿಯರೊಬ್ಬರಿಗೆ ವಯಸ್ಸಿನಿಂದ ಬೆರಳುಗಳು ಸೆಟೆದುಕೊಂಡವು. ಕೊರಳಿನ್ನೂ ಗಟ್ಟಿ, ತಾಳದ ಅಂದಾಜು ಕಿಂಚಿತ್ತೂ ಕದಲಿಲ್ಲ. ಆದರೆ ತಂತಿಗೆ ಬೆರಳು ಒಗ್ಗದು. ಹಾರ್ಮೋನಿಯಂ ಒಂದಿದ್ದರೆ ಸಾಲದೆ ಎಂದು ಹುಡುಗರು ಕೇಳಿದರು. ಸಾಲದು ಎಂದು ಅವರು. ಕಾರಣವನ್ನು ಅವರು ವಿವರಿಸಲಿಲ್ಲ. ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು.

ಕಾರಣ ಲೆಕ್ಕದಲ್ಲಿದೆ. ಷಡ್ಜವು ಸೆಕೆಂಡಿಗೆ 150 ಕಂಪನಗಳದ್ದೆಂದು ಇಟ್ಟುಕೊಳ್ಳೋಣ. ಕಿವಿ ಒಪ್ಪುವ ಅಂತರಗಾಂಧಾರ ಅದರ ಐದು ನಾಲ್ಕಾಂಶ, ಎಂದರೆ 187.5. ಆದರೆ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ವಾದ್ಯದಲ್ಲಿ ಅದು ಹೆಚ್ಚು ಕಡಿಮೆ 189. ಅಂತರ ಒಂದೂವರೆ ಕಂಪನವಷ್ಟೇ ಎಂದು ತಳ್ಳಿಹಾಕುವಂತಿಲ್ಲ. ಷಡ್ಜದ ಐದನೆಯ ಉಪಸ್ವರವೂ ಗಾಂಧಾರದ ನಾಲ್ಕನೆಯ ಉಪಸ್ವರವೂ ಒಂದೇ ಜಾಗದಲ್ಲಿ, 750ರಲ್ಲಿ, ಕೂಡಬೇಕು. ಕೂಡದೆ ಹೋದಾಗ ಅವೆರಡರ ತಿಕ್ಕಾಟ ಸೆಕೆಂಡಿಗೆ ಸುಮಾರು ಆರು ಸಲ 'ವಾಂವ್ ವಾಂವ್' ಎಂದು ಕಿವಿಗೆ ಬಡಿಯುತ್ತದೆ. ಪಂಚಮದಲ್ಲಿ ಈ ದೋಷ ಬಹಳ ಅಲ್ಪ, ಎರಡು ಸೆಕೆಂಡಿಗೊಂದು ಮಿಡಿತ. ಅದನ್ನು ಯಾರಾದರೂ ಸಹಿಸಿಯಾರು.

ಈ ಜಗಳಕ್ಕೂ ರೇಡಿಯೋಗೂ ಹಳೆಯ ನಂಟಿದೆ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ವಾದ್ಯವನ್ನು ತನ್ನ ಪ್ರಸಾರದಿಂದ ಹೊರಗಿಟ್ಟಿತು. ರವೀಂದ್ರನಾಥ ಠಾಕೂರರೂ ಅದನ್ನು ಮೆಚ್ಚಿದವರಲ್ಲ. ಸ್ವರಗಳು ಸರಿಯಿಲ್ಲ, ಗಮಕ ನುಡಿಯುವುದಿಲ್ಲ ಎಂಬುವು ಮುಖ್ಯ ಆಕ್ಷೇಪಗಳು. ನಿಷೇಧ ಸಡಿಲವಾದದ್ದು 1971ರಲ್ಲಿ. ಈ ಮೂರು ದಶಕಗಳಲ್ಲಿ ಹಾರ್ಮೋನಿಯಂ ನಮ್ಮ ಬಯಲಾಟದ ಮೇಳವನ್ನಾಗಲಿ ಭಜನೆಯ ಮನೆಯನ್ನಾಗಲಿ ಬಿಟ್ಟುಹೋಗಲಿಲ್ಲ. ಅಗ್ಗ, ಗಟ್ಟಿ, ಹತ್ತಾರು ಕೊರಳುಗಳ ಮೇಲೆ ಕೇಳಿಸುವಂಥದ್ದು. ಜನ ಅದನ್ನು ಬಳಸಿದ್ದು ಕಿವಿ ಕೆಟ್ಟಿದ್ದರಿಂದಲ್ಲ, ಬೇರೆ ವಾದ್ಯ ಕೈಗೆಟುಕದ್ದರಿಂದ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ತೊಡಕೂ ಇದೆ. ಹಾರ್ಮೋನಿಯಂ ನುಡಿಸುವವರು ಶ್ರುತಿಯನ್ನು ಬಿಳಿ ಒಂದು, ಕಪ್ಪು ಒಂದು, ಬಿಳಿ ಎರಡು ಎಂದು ಮನೆಗಳಿಂದ ಕರೆಯುತ್ತಾರೆ. ಸರಿಯಾಗಿ ಶ್ರುತಿಗೊಳಿಸಿದ ವಾದ್ಯದಲ್ಲಿ ಗಂಡಸರ ಮಂದ್ರದ ಕಪ್ಪು ಒಂದು ಸುಮಾರು 138.6 ಕಂಪನ, ಬಿಳಿ ಎರಡು 146.8. ಮನುಷ್ಯನ ಕೊರಳು ಮನೆ ನೋಡಿ ಹುಟ್ಟಿದ್ದಲ್ಲ. ನಮ್ಮ ಹಿರಿಯರ ಷಡ್ಜವನ್ನು ನಾನು ಅಳೆದು ನೋಡಿದಾಗ ಅದು 142ರ ಆಸುಪಾಸಿನಲ್ಲಿತ್ತು. ಎರಡು ಮನೆಗಳ ನಡುವಣ ಗೋಡೆಯ ಮೇಲೆ!

ಯಂತ್ರದಿಂದ ಶ್ರುತಿ ಕೊಡಿಸುವ ಯೋಚನೆ ಕರ್ನಾಟಕಕ್ಕೆ ಹೊಸದೇನಲ್ಲ. ಒಂದು ರೀತಿಯಲ್ಲಿ ಇಲ್ಲಿಯದೇ ಎನ್ನಬೇಕು. ಬೆಂಗಳೂರಿನ ಜಿ. ರಾಜನಾರಾಯಣ ಕೊಳಲುವಾದಕರೂ ಹೌದು, ಎಂಜಿನಿಯರರೂ ಹೌದು. ಅವರು ರೂಪಿಸಿದ ವಿದ್ಯುನ್ಮಾನ ತಂಬೂರಿ 1979ರಲ್ಲಿ ಮದರಾಸಿನ ಸಂಗೀತ ಸಮ್ಮೇಳನವೊಂದರಲ್ಲಿ ಮೊದಲು ಪ್ರದರ್ಶಿತವಾಯಿತು. ಅವರ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ಆಮೇಲೆ ಸಂಗೀತ ಕಲಿಯುವ ಮನೆಮನೆಯನ್ನೂ ಹೊಕ್ಕವು. ಉದ್ದದ ತಂಬೂರಿಯನ್ನು ಬಸ್ಸಿನ ನೂಕುನುಗ್ಗಲಿನಲ್ಲಿ ಕಾಪಾಡಿ ತಂದವರಿಗೆ ಆ ಪುಟ್ಟ ಪೆಟ್ಟಿಗೆಯ ಬೆಲೆ ಗೊತ್ತು. ಶ್ರುತಿಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುವ ತಿರುಪು ಅದರಲ್ಲೂ ಇದೆ. 142ನ್ನು ಅದು ಸುಲಭವಾಗಿ ಕೊಡುತ್ತದೆ.

ಹಾಗಿದ್ದ ಮೇಲೆ ಹೊಸ ಪೆಟ್ಟಿಗೆ ಏಕೆ? ಅಂಗಡಿಯ ಪೆಟ್ಟಿಗೆ ಕಛೇರಿಯ ತಂಬೂರಿಯನ್ನು ಅನುಕರಿಸುತ್ತದೆ, ಏಕತಾರಿಯನ್ನಲ್ಲ. ಒಮ್ಮೆ ಒತ್ತಿ ಬಿಟ್ಟರೆ ತನ್ನಷ್ಟಕ್ಕೆ ತಾನು ಮೀಟಿಕೊಳ್ಳುತ್ತದೆ. ಭಜನೆಯಲ್ಲಿ ಪ್ರತಿಯೊಂದು ಮೀಟೂ ಒಬ್ಬ ಮನುಷ್ಯನ ನಿರ್ಧಾರ. ಆ ನಿರ್ಧಾರವನ್ನು ಹಿರಿಯರ ಬಳಿಯೇ ಉಳಿಸಿ, ತಂತಿಯ ಕೆಲಸವನ್ನು ಮಾತ್ರ ಪೆಟ್ಟಿಗೆಗೆ ಒಪ್ಪಿಸುವ ಬಗೆ ನನಗೆ ಬೇಕಿತ್ತು.

ಇಂಥದ್ದಕ್ಕೆ ಒದಗುವ ಸಾಧನಗಳು ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಬಂದಿವೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ 'ಬೇಲಾ' 2016ರಲ್ಲಿ ಹೊರಬಂತು. ಅಮೆರಿಕದ ಎಲೆಕ್ಟ್ರೋಸ್ಮಿತ್ ಎಂಬ ಸಂಸ್ಥೆಯ 'ಡೈಸಿ' 2020ರಲ್ಲಿ. ನಾನು ಬಳಸಿದ್ದು ಎರಡನೆಯದನ್ನು. ನೋಡಲು ಬೆರಳುದ್ದದ ಒಂದು ಬೋರ್ಡು. ಶಬ್ದವನ್ನು ಅಂಕಿಗಳಾಗಿ ಮಾಡುವ, ಅಂಕಿಗಳನ್ನು ಮತ್ತೆ ಶಬ್ದ ಮಾಡುವ ಚೂರು ಒಂದು. ಲೆಕ್ಕ ಮಾಡುವ ಚೂರು ಒಂದು. ನೆನಪಿನ ಚೂರು ಒಂದು. ಕಂಪ್ಯೂಟರಿನಲ್ಲಿ ಪ್ರೋಗ್ರಾಮನ್ನು ಬರೆದು ಒಂದು ತಂತಿಯ ಮೂಲಕ ಅದಕ್ಕೆ ತುಂಬಿದರೆ ಮುಗಿಯಿತು. ಆಮೇಲೆ ಕಂಪ್ಯೂಟರಿನ ಹಂಗಿಲ್ಲ. ತಿರುಪುಗಳನ್ನೂ ಕಾಲ್ಗುಂಡಿಯನ್ನೂ ಬೆಸುಗೆ ಹಾಕಿ, ಮೊಬೈಲಿಗೆ ವಿದ್ಯುತ್ ತುಂಬುವ ಪುಟ್ಟ ಬ್ಯಾಟರಿಗೆ ಜೋಡಿಸಿದರೆ ಕರೆಂಟು ಹೋದ ರಾತ್ರಿಯಲ್ಲೂ ನುಡಿಯುತ್ತದೆ. ನಮ್ಮ ಕಡೆ ಇದು ಸಣ್ಣ ಸಂಗತಿಯಲ್ಲ.

ಅದರ ವೇಗವನ್ನು ಹೀಗೆ ಊಹಿಸಿಕೊಳ್ಳಬಹುದು. ಶಬ್ದವನ್ನು ಅದು ಸೆಕೆಂಡಿಗೆ 48,000 ಅಂಕಿಗಳಾಗಿ ಎಣಿಸುತ್ತದೆ. ಲೆಕ್ಕದ ಚೂರಿನ ನಾಡಿ ಸೆಕೆಂಡಿಗೆ 48 ಕೋಟಿ ಸಲ ಬಡಿಯುತ್ತದೆ. ಎಂದರೆ, ಒಂದು ಅಂಕಿಗೂ ಮುಂದಿನ ಅಂಕಿಗೂ ನಡುವೆ ಅದಕ್ಕೆ 10,000 ಬಡಿತಗಳ ಬಿಡುವು. ಈ ಬಿಡುವಿನಲ್ಲಿ ಏನೇನು ಮಾಡಬೇಕೆಂಬುದನ್ನು ಬರೆಯುವುದೇ ವಾದ್ಯವನ್ನು ಕಟ್ಟುವುದು. ಧ್ವನಿಮುದ್ರಿಕೆಯಿಂದಲ್ಲದೆ ವಿದ್ಯುತ್ತಿನಿಂದಲೋ ಲೆಕ್ಕದಿಂದಲೋ ನಾದವನ್ನು ಹೊಸದಾಗಿ ಕಟ್ಟುವ ವಾದ್ಯಕ್ಕೆ ಸಿಂಥಸೈಜರ್ ಎಂದು ಹೆಸರು. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಒಂದು ಮೂಗ್ ಸಿಂಥಸೈಜರನ್ನು ನೆಲೆಗೊಳಿಸಿದರು. ಕಪಾಟಿನಂಥ ಪೆಟ್ಟಿಗೆಗಳು, ಅವುಗಳ ನಡುವೆ ಕೈಯಿಂದ ಚುಚ್ಚುವ ತಂತಿಗಳ ಪೊದೆ. ಗೀತಾ ಸಾರಾಭಾಯಿ ಮೊದಲಾದ ಕೆಲವರು ಅದರಲ್ಲಿ ಮಾಡಿದ ಪ್ರಯೋಗಗಳು ದಶಕಗಳ ಕಾಲ ಟೇಪಿನ ಸುರುಳಿಗಳಲ್ಲೇ ಉಳಿದವು. ಆ ಕೋಣೆಗೆ ಹೋಗಬಲ್ಲವರು ಎಷ್ಟು ಜನ?

ಇನ್ನು ತಂತಿಯ ಮಾತು. ಯಾವ ತಂತಿಯೂ ಇಲ್ಲದೆ ಅಂಕಿಗಳಿಂದ ತಂತಿಯ ನಾದ ಹೇಗೆ ಹುಟ್ಟುತ್ತದೆ? 1983ರಲ್ಲಿ ಕೆವಿನ್ ಕಾರ್ಪ್ಲಸ್, ಅಲೆಕ್ಸ್ ಸ್ಟ್ರಾಂಗ್ ಎಂಬಿಬ್ಬರು ಪ್ರಕಟಿಸಿದ ಉಪಾಯ ಇದು. ಅದರ ಸರಳತೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ವೃತ್ತಾಕಾರವಾಗಿ ಜೋಡಿಸಿದ 320 ಖಾನೆಗಳನ್ನು ಕಲ್ಪಿಸಿಕೊಳ್ಳಿ. ಮೀಟು ಎಂದರೆ, ಆ ಖಾನೆಗಳಲ್ಲಿ ಅಡ್ಡಾದಿಡ್ಡಿಯಾಗಿ ಅಂಕಿಗಳನ್ನು ಚೆಲ್ಲುವುದು. ಕೇಳಿದರೆ ಬರೀ 'ಸರ್' ಎಂಬ ಗದ್ದಲ. ಈಗ ಒಂದು ಕೈ ಖಾನೆಯಿಂದ ಖಾನೆಗೆ ಸರಿಯುತ್ತದೆ. ಖಾನೆಯಲ್ಲಿರುವ ಅಂಕಿಯನ್ನು ಸ್ಪೀಕರಿಗೆ ಕಳಿಸುತ್ತದೆ. ಆಮೇಲೆ ಆ ಅಂಕಿಗೂ ಪಕ್ಕದ ಅಂಕಿಗೂ ಸರಾಸರಿ ತೆಗೆದು ಅದೇ ಖಾನೆಯಲ್ಲಿ ಬರೆದಿಡುತ್ತದೆ. ಇಷ್ಟೇ. ಸೆಕೆಂಡಿಗೆ 48,000 ಖಾನೆ ಸರಿಯುವ ಕೈ 320 ಖಾನೆಗಳನ್ನು ಸೆಕೆಂಡಿಗೆ 150 ಸಲ ಸುತ್ತುತ್ತದೆ. ಆದ್ದರಿಂದ ಹೊರಡುವ ಸ್ವರ 150 ಕಂಪನಗಳದ್ದು. ತಿಗರಿಯ ಮೇಲಿನ ಮಣ್ಣು ಸುತ್ತುಸುತ್ತಿಗೂ ನಯವಾಗುವಂತೆ, ಗದ್ದಲದ ಒರಟುತನ ಸುತ್ತುಸುತ್ತಿಗೂ ಸವೆಯುತ್ತದೆ. ಚೂಪಾದ ಉಪಸ್ವರಗಳು ಮೊದಲು ಅಡಗುತ್ತವೆ, ದಪ್ಪನೆಯ ಮೂಲಸ್ವರ ಕಡೆಗೆ. ನಿಜವಾದ ತಂತಿ ಮಾಡುವುದೂ ಇದನ್ನೇ. ಮೀಟಿದ ಗಳಿಗೆಯಲ್ಲಿ ಝಣ್ ಎಂದು, ಬರಬರುತ್ತ ಮೃದುವಾಗಿ, ಕೊನೆಗೆ ಇಲ್ಲವಾಗುತ್ತದೆ.

ತಕರಾರು ಖಾನೆಗಳ ಎಣಿಕೆಯಲ್ಲಿದೆ. ಪಂಚಮದ ತಂತಿಯನ್ನೂ ಸೇರಿಸೋಣವೆಂದರೆ 225 ಕಂಪನಗಳಿಗೆ 213 ಮತ್ತೊಂದು ಮೂರನೆಯ ಒಂದಂಶ ಖಾನೆಗಳು ಬೇಕು. ಖಾನೆಯನ್ನು ಕತ್ತರಿಸಲಾದೀತೆ? ಸಾಲದ್ದಕ್ಕೆ, ಸರಾಸರಿ ತೆಗೆಯುವ ಕ್ರಿಯೆ ತಾನೇ ಅರ್ಧ ಖಾನೆಯಷ್ಟು ಕಾಲವನ್ನು ತಿನ್ನುತ್ತದೆ. ಪೂರ್ಣಾಂಕಕ್ಕೆ ಸರಿಹೊಂದಿಸಿ ಸುಮ್ಮನಾದರೆ ಹಾರ್ಮೋನಿಯಂನ ಮಿಡಿತವೇ ಇಲ್ಲಿಗೂ ಬಂದು ಕೂರುತ್ತದೆ. ಅದೇ 1983ರಲ್ಲಿ ಡೇವಿಡ್ ಜಾಫೆ, ಜೂಲಿಯಸ್ ಸ್ಮಿತ್ ಎಂಬವರು ಖಾನೆಯ ಚೂರನ್ನೂ ಎಣಿಕೆಗೆ ತರುವ ದಾರಿ ತೋರಿಸಿದರು. ಎರಡು ಖಾನೆಗಳ ನಡುವೆ ಅಂಕಿ ಎಷ್ಟಿದ್ದೀತು ಎಂದು ಅಂದಾಜು ಮಾಡಿ ಓದುವ ವಿಧಾನ ಅದು. ಇದರಿಂದ ಶ್ರುತಿ ಎಂಬುದು ಕಾರ್ಖಾನೆಯವರು ಕೊರೆದಿಟ್ಟ ಮನೆಯಾಗದೆ, ನಾನು ಬರೆದಿಡುವ ಒಂದು ಸಂಖ್ಯೆಯಾಯಿತು. ನಾನು 142 ಎಂದು ಬರೆದೆ.

ಆದರೆ ಇಷ್ಟರಿಂದ ತಂಬೂರಿ ಆಗುವುದಿಲ್ಲ, ಗಿಟಾರ್ ಆಗುತ್ತದೆ. ತಂಬೂರಿಯ ಗುಟ್ಟು ಅದರ ಕುದುರೆಯಲ್ಲಿದೆ. ಕುದುರೆಯ ಮೈ ಚೂಪಲ್ಲ, ಮೆಲ್ಲನೆ ಬಾಗಿದ ಹಲಗೆ. ತಂತಿಗೂ ಅದಕ್ಕೂ ನಡುವೆ ಒಂದು ನೂಲಿನೆಳೆ. ಸಿ.ವಿ. ರಾಮನ್ ಅವರು 1921ರಲ್ಲಿ, ಬೆಂಗಳೂರಿಗೆ ಬರುವುದಕ್ಕೆ ಬಹಳ ಮುಂಚೆಯೇ, ಕಲಕತ್ತೆಯಲ್ಲಿದ್ದಾಗ ಇದನ್ನು ಕುರಿತು ಬರೆದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಕೂಡದು ಎಂಬುದು ಭೌತಶಾಸ್ತ್ರದ ಹಳೆಯ ನಿಯಮ. ತಂಬೂರಿಯಲ್ಲಿ ಅವು ಗಟ್ಟಿಯಾಗಿಯೇ ಕೇಳಿಸುತ್ತವೆ ಎಂದು ರಾಮನ್ ತೋರಿಸಿದರು. ಕಂಪಿಸುವ ತಂತಿ ಬಾಗಿದ ಕುದುರೆಯನ್ನು ಮತ್ತೆ ಮತ್ತೆ ಸವರುತ್ತದೆ. ಆ ಸವರುವಿಕೆ ಇಲ್ಲದ ಸ್ವರಗಳನ್ನು ಇರುವಂತೆ ಮಾಡುತ್ತದೆ. ಇದನ್ನೇ ನಾವು ಜೀವಾಳಿ ಎನ್ನುತ್ತೇವೆ, ಹಿಂದೂಸ್ತಾನಿಯವರು ಜವಾರಿ ಎನ್ನುತ್ತಾರೆ. ನಮ್ಮ ಕಡೆಯ ಆಡುಮಾತಿನಲ್ಲಿ ಜವಾರಿ ಎಂದರೆ ನಾಟಿ ಬೀಜ, ನಾಟಿ ಕೋಳಿ. ಪದಗಳು ಬೇರೆ ಬೇರೆಯಿದ್ದಾವು. ನನ್ನ ಕಿವಿಗಂತೂ ಅವು ಒಟ್ಟಿಗೇ ಕೇಳಿಸುತ್ತವೆ. ಪ್ರೋಗ್ರಾಮಿನಲ್ಲಿ ಇದನ್ನು ತರುವುದಕ್ಕೆ, ಕಂಪನ ಒಂದು ಮಿತಿಯನ್ನು ದಾಟಿದಾಗ ಖಾನೆಗಳ ಸುತ್ತು ತುಸುವೇ ಗಿಡ್ಡವಾಗುವಂತೆ ಬರೆಯಬೇಕು. ಎಷ್ಟು ಗಿಡ್ಡ ಎಂಬುದಕ್ಕೆ ಸೂತ್ರವಿಲ್ಲ. ಕುದುರೆಯ ಮೇಲೆ ನೂಲನ್ನು ಸರಿಸುವವರು ಏನು ಮಾಡುತ್ತಾರೋ ಅದನ್ನೇ ಮಾಡಬೇಕು: ಒಂದಿಷ್ಟು ಸರಿಸಿ, ಕೇಳಿ, ಮತ್ತೆ ಸರಿಸುವುದು. ಮೀರಜಿನ ತಂಬೂರಿಯ ಕುಶಲಿಗಳು ಇದನ್ನು ಕಣ್ಣುಮುಚ್ಚಿ ಮಾಡುವುದನ್ನು ಕಂಡವರಿಗೆ ನನ್ನ ತಿರುಪು ಒಂದು ಆಟಿಕೆಯಂತೆ ತೋರೀತು.

ಏಕತಾರಿಗೆ ಜೀವಾಳಿ ಅಷ್ಟು ಬೇಡ. ಸ್ವಲ್ಪ ಒಣಗಿದ, ಬೇಗ ಅಡಗುವ ನಾದವೇ ಅದಕ್ಕೆ ಚೆನ್ನ. ಸರಾಸರಿ ತೆಗೆಯುವಲ್ಲಿ ಪ್ರತಿ ಸುತ್ತಿಗೂ ಕೊಂಚ ಶಕ್ತಿಯನ್ನು ಕಳೆದರೆ ಅದು ಸಿಕ್ಕಿತು. ಮೀಟುವುದಕ್ಕೆ ಕಾಲ್ಗುಂಡಿಯನ್ನಿಟ್ಟೆ. ಮೆಲ್ಲಗೆ ತುಳಿದರೆ ಮೆಲ್ಲನೆಯ ಮೀಟು, ಬಿರುಸಾಗಿ ತುಳಿದರೆ ಬಿರುಸಿನದು. ಅಂಕಿಗಳನ್ನು ಬೋರ್ಡು 48ರ ಕಂತುಗಳಲ್ಲಿ ಸಾಗಿಸುತ್ತದೆ. ಒಂದು ಕಂತೆಂದರೆ ಸೆಕೆಂಡಿನ ಸಾವಿರದ ಒಂದು ಪಾಲು. ಅಷ್ಟರಲ್ಲಿ ಶಬ್ದ ಗಾಳಿಯಲ್ಲಿ ಒಂದು ಅಡಿಗಿಂತ ತುಸು ಹೆಚ್ಚು ಚಲಿಸುತ್ತದೆ. ತುಳಿತಕ್ಕೂ ನಾದಕ್ಕೂ ನಡುವೆ ಅಂಥ ಕೆಲವೇ ಕಂತುಗಳ ತಡವಾದರೆ ಅದು ಪಕ್ಕದಲ್ಲಿ ಕೂತವರ ತಾಳ ನಮ್ಮ ಕಿವಿಗೆ ಬರಲು ಹಿಡಿಯುವ ಹೊತ್ತಿಗಿಂತ ಹೆಚ್ಚೇನೂ ಅಲ್ಲ.

ಪೆಟ್ಟಿಗೆಯನ್ನು ಹಿರಿಯರ ಮುಂದಿಟ್ಟಾಗ ಅವರು ಅದರ ಕಡೆ ನೋಡಲಿಲ್ಲ. ನಾಲ್ಕು ಸಲ ತುಳಿದು, ಗಂಟಲು ಸರಿಮಾಡಿಕೊಂಡು, "ಕೊಳ್ಳಿಗೆ ಕುಂತೈತಪ್ಪ" ಎಂದರು. ಆಮೇಲೆ ಪದ ಎತ್ತಿದರು. ಮೂರನೆಯ ನುಡಿಯ ಹೊತ್ತಿಗೆ ಲಯ ಏರಿತು. ಏರಿಸಿದ್ದು ಅವರ ಪಾದ.

ಇದೇ ಬೋರ್ಡಿನಿಂದ ಮಾಡಬಹುದಾದ ಇನ್ನೊಂದು ಸಾಧನ ಲೂಪರ್. ನುಡಿಸಿದ್ದನ್ನು ನೆನಪಿಟ್ಟುಕೊಂಡು, ಅದನ್ನೇ ತಿರುತಿರುಗಿ ನುಡಿಯುತ್ತ, ಅದರ ಮೇಲೆ ಹೊಸ ಪದರಗಳನ್ನು ಹೊದಿಸಿಕೊಳ್ಳುವ ಯಂತ್ರ. ಇದರ ಹುಟ್ಟು ರೇಡಿಯೋ ಮನೆಯಲ್ಲೇ ಆಯಿತೆಂಬುದು ಕೇಳುಗರಿಗೆ ಕುತೂಹಲದ ವಿಷಯವಾದೀತು. 1948ರಲ್ಲಿ ಫ್ರೆಂಚ್ ರೇಡಿಯೋದ ಎಂಜಿನಿಯರ್ ಪಿಯೇರ್ ಶಾಫೇರ್ ಗ್ರಾಮಫೋನಿನ ತಟ್ಟೆಯ ಗೆರೆಯನ್ನು ಮುಂದಕ್ಕೆ ಹೋಗಗೊಡದೆ ತನಗೆ ತಾನೇ ಸೇರುವಂತೆ ಕೊರೆದರು. ಮುಳ್ಳು ಅದೇ ಸುತ್ತಿನಲ್ಲಿ ಸಿಕ್ಕಿಕೊಂಡು ಅದೇ ಸದ್ದನ್ನು ನುಡಿಯುತ್ತಿತ್ತು. 1963ರಲ್ಲಿ ಅಮೆರಿಕದ ಟೆರಿ ರೈಲಿ ಪ್ಯಾರಿಸಿಗೆ ಬಂದಾಗ ಅಲ್ಲಿಯ ರೇಡಿಯೋ ತಂತ್ರಜ್ಞರೊಬ್ಬರು ಎರಡು ಟೇಪ್ ರಿಕಾರ್ಡರುಗಳ ನಡುವೆ ಒಂದೇ ಟೇಪನ್ನು ಹಾಯಿಸಿ ಕೊಟ್ಟರು. ಮೊದಲನೆಯದು ಬರೆದದ್ದನ್ನು ಎರಡನೆಯದು ತುಸು ತಡವಾಗಿ ಓದಿ ಮೊದಲನೆಯದಕ್ಕೆ ಹಿಂದಿರುಗಿಸುತ್ತಿತ್ತು. ರೇಡಿಯೋದವರಿಗೆ ಇಂಥ ಕೈಗೆಲಸ ಸಹಜ. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು 'ಆಕಾಶವಾಣಿ'ಯನ್ನು ಆರಂಭಿಸಿದ್ದು ತಮ್ಮ ಮನೆಯಲ್ಲೇ ಅಲ್ಲವೆ?

ಬೋರ್ಡಿನಲ್ಲಿ ಟೇಪಿನ ಬದಲು ಮತ್ತೆ ಅದೇ ಖಾನೆಗಳ ವೃತ್ತ, ಈ ಸಲ ಬಲು ದೊಡ್ಡದು. ಒಂದೊಂದು ಅಂಕಿಗೆ ನಾಲ್ಕು ಬೈಟ್ ಜಾಗ ಕೊಟ್ಟರೆ ಸೆಕೆಂಡಿಗೆ 1,92,000 ಬೈಟ್. ಬೋರ್ಡಿನ ಮೇಲಿರುವ 64 ಮೆಗಾಬೈಟ್ ನೆನಪು ಸುಮಾರು ಐದೂಮುಕ್ಕಾಲು ನಿಮಿಷಕ್ಕೆ ಸಾಕು. ತಂತಿಯಾಗಿದ್ದ 338 ಖಾನೆಗಳ ಸುತ್ತಿಗೂ ಐದೂಮುಕ್ಕಾಲು ನಿಮಿಷದ ಸುತ್ತಿಗೂ ಪ್ರೋಗ್ರಾಮಿನಲ್ಲಿ ಹೆಚ್ಚು ಭೇದವಿಲ್ಲ. ಒಂದು ಸ್ವರವಾಗಿ ಕೇಳಿಸುತ್ತದೆ, ಇನ್ನೊಂದು ಪದವಾಗಿ.

ಲೂಪರನ್ನು ನಾನು ಮಾಡಿದ್ದುಂಟು. ಭಜನೆಗೆ ಮಾತ್ರ ಒಯ್ಯಲಿಲ್ಲ. ಅದು ಕೇಳುವುದಿಲ್ಲ, ಹೇಳುತ್ತದೆ. ಒಮ್ಮೆ ಹಿಡಿದ ಲಯವನ್ನು ಬಿಡದು. ಮೇಳದವರು ಕಣ್ಣಸನ್ನೆಯಿಂದ ಲಯ ಏರಿಸಿದರೆ ಅದು ಹಿಂದೆ ಉಳಿಯುತ್ತದೆ. ಓದುವ ವೇಗವನ್ನು ಹೆಚ್ಚಿಸಿದರೆ ಟೇಪಿನಂತೆಯೇ ಶ್ರುತಿಯೂ ಏರಿಬಿಡುತ್ತದೆ. ಶ್ರುತಿಯನ್ನು ಬಿಟ್ಟು ಲಯವೊಂದನ್ನೇ ಏರಿಸುವ ಉಪಾಯಗಳಿವೆ. ಆದರೆ ಅವು ನಾದವನ್ನು ಕತ್ತರಿಸಿ ಹೊಲಿಯುವಂಥವು, ಹೊಲಿಗೆ ಕಿವಿಗೆ ಸಿಗುತ್ತದೆ. ಮನೆಯಲ್ಲಿ ಒಬ್ಬರೇ ಕುಳಿತು ಸಾಧನೆ ಮಾಡುವವರಿಗೆ ಅದು ಒಳ್ಳೆಯ ಗೆಳೆಯ. ಒಂದು ಪಲ್ಲವಿಯನ್ನು ಹಾಡಿ, ಅದನ್ನು ತಿರುಗಲು ಬಿಟ್ಟು, ತಮ್ಮ ಸ್ವರ ಎಲ್ಲಿ ಜಾರಿತೆಂದು ತಾವೇ ಕೇಳಬಹುದು. ಗುರುಗಳು ಊರಿಗೆ ತಿಂಗಳಿಗೊಮ್ಮೆ ಬರುವಂಥ ಹಳ್ಳಿಗಳಲ್ಲಿ ಇದಕ್ಕೆ ಬೆಲೆಯುಂಟು.

ಈಗ ನನ್ನ ಮೇಜಿನ ಮೇಲಿರುವುದು ಚೌಡಿಕೆಯ ಯತ್ನ. ನಮ್ಮ ತಾಲ್ಲೂಕಿನ ಉಚ್ಚಂಗಿದುರ್ಗದ ಜಾತ್ರೆಗೆ ಹೋದವರು ಅದನ್ನು ಕೇಳಿರುತ್ತಾರೆ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದ ಮೇಲೆ ಪಟ್ಟಣದವರಿಗೂ ಜೋಗತಿಯರ ಹಾಡು ಅಪರಿಚಿತವಾಗಿ ಉಳಿದಿಲ್ಲ. ಚರ್ಮ ಬಿಗಿದ ಕೊಳಗದಂಥ ಮೈ. ಚರ್ಮದ ನಡುವಿನಿಂದ ಹೊರಟ ಒಂದೇ ತಂತಿ. ಮೀಟಿದ ಪೆಟ್ಟು ತಂತಿಯಿಂದ ಚರ್ಮಕ್ಕೆ, ಚರ್ಮದಿಂದ ತಂತಿಗೆ ಓಡಾಡುತ್ತದೆ. ತಂತಿಯ ಬಿಗಿತ ಬದಲಾದರೆ ಸ್ವರ ಏರಿ ಇಳಿಯುತ್ತದೆ. ಈ ಸದ್ದಿಗೆ ಯಾವ ಕಾರ್ಖಾನೆಯ ಕೀಬೋರ್ಡಿನಲ್ಲೂ ಗುಂಡಿಯಿಲ್ಲ. ಮಾರುಕಟ್ಟೆ ಇಲ್ಲದ ಸದ್ದಿಗೆ ಯಾರು ಗುಂಡಿ ಮಾಡಿಯಾರು? ಬೋರ್ಡಿನಲ್ಲಿ ಇದಕ್ಕೆ ಎರಡು ವೃತ್ತಗಳು ಬೇಕು, ತಂತಿಗೊಂದು, ಚರ್ಮಕ್ಕೊಂದು, ಒಂದರ ಅಂಕಿ ಇನ್ನೊಂದಕ್ಕೆ ಸೋರುವಂತೆ. ಮೀಟಿದ ಮೇಲೂ ತಂತಿಯ ಖಾನೆಗಳ ಎಣಿಕೆಯನ್ನು ಬದಲಿಸುತ್ತಿರಬೇಕು. ಅದಕ್ಕೆ, ಹಿಸುಕಿದಷ್ಟೂ ವಿದ್ಯುತ್ತಿಗೆ ದಾರಿ ಬಿಡುವ ಒಂದು ತೆಳುವಾದ ಪಟ್ಟಿಯನ್ನು ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿದ್ದೇನೆ.

ತಂತಿಯ ಭಾಗ ಒಪ್ಪುವಂತೆ ಬಂದಿದೆ. ಚರ್ಮದ ಭಾಗ ಇನ್ನೂ ತಗಡಿನ ಡಬ್ಬಿಯಂತೆ ಕೇಳಿಸುತ್ತದೆ. ಚರ್ಮದ ಉಪಸ್ವರಗಳು ತಂತಿಯವುಗಳಂತೆ ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲುವುದಿಲ್ಲ. ಅವಕ್ಕೆ ಒಂದೇ ವೃತ್ತ ಸಾಲದು, ನಾಲ್ಕಾರು ಬೇಕು. ಬಿಡುವಿರುವ 10,000 ಬಡಿತಗಳಲ್ಲಿ ಅಷ್ಟಕ್ಕೆ ಜಾಗವಿದೆ. ಮುಂದಿನ ಹುಣ್ಣಿಮೆಗೆ ಜೋಗತಿಯೊಬ್ಬರು ನಮ್ಮೂರಿಗೆ ಬರುವವರಿದ್ದಾರೆ. ತಮ್ಮ ಚೌಡಿಕೆಯನ್ನೂ ತರುತ್ತೇನೆಂದಿದ್ದಾರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅವರ ಮುಂದೆ ನುಡಿಸುವವರೆಗೆ ತಿರುಪುಗಳನ್ನು ಇದ್ದಲ್ಲೇ ಬಿಟ್ಟಿದ್ದೇನೆ.